ಐವತ್ತು ಕಲ್ಲು, ಒಂದು ಅರ್ಧಗಂಟೆ

ಜನವರಿ 6, ಸೋಮವಾರ

ಇಂದಿನಿಂದ ಪಿಕಪ್ ನನ್ನ ಕೈಗೆ ಬಂದಿದೆ. ದೊಡ್ಡ ಸಾಹೇಬರು ಬೀಗದ ಕೈಯನ್ನು ಮೇಜಿನ ಮೇಲೆ ನನ್ನ ಕಡೆಗೆ ತಳ್ಳಿ, "ಡ್ರೈವರ್ ಮೇಲಿನ ವಿಚಾರಣೆ ಮುಗಿಯೋ ತನಕ ಬೇರೆಯವರನ್ನ ಕೊಡೋಕಾಗಲ್ಲ ಕಣ್ರೀ. ನಿಮ್ಮ ಹತ್ರ ಲೈಸೆನ್ಸ್ ಇದೆಯಲ್ಲ, ನೀವೇ ಓಡಿಸಿ. ವರದಿ ಬರೆದೋರೂ ನೀವೇ ತಾನೆ?" ಎಂದರು. ಕೊನೆಯ ಮಾತಿನಲ್ಲಿ ವ್ಯಂಗ್ಯವಿತ್ತೇ ಎಂದು ಯೋಚಿಸಿದೆ. ಇರಲಿಲ್ಲ ಎಂದು ತೀರ್ಮಾನಿಸಿದೆ.

ಮುಂದೆ ಯಾರಾದರೂ ಕೇಳಿದರೆ ಇರಲಿ ಎಂದು ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಬರೆದಿಡುತ್ತಿದ್ದೇನೆ. ನಾನು ತೂಕ ಪರೀಕ್ಷಕ. ಲಾರಿಗಳನ್ನು ಸರಕಿನ ಸಮೇತ ತೂಗುವ ವೇಬ್ರಿಡ್ಜ್‌ಗಳು ಸುಳ್ಳು ಹೇಳುತ್ತಿವೆಯೇ ಎಂದು ನೋಡುವುದು ನನ್ನ ಕೆಲಸ. ತಲಾ ಇಪ್ಪತ್ತು ಕಿಲೋದ ಐವತ್ತು ಕಬ್ಬಿಣದ ಕಲ್ಲುಗಳನ್ನು ಟ್ರೈಲರಿಗೆ ಹೇರಿ, ಟ್ರೈಲರನ್ನು ಪಿಕಪ್ಪಿನ ಹಿಂದೆ ಕಟ್ಟಿಕೊಂಡು ಹೋಗಿ, ವೇಬ್ರಿಡ್ಜಿನ ಮೇಲೆ ಜೋಡಿಸುತ್ತೇವೆ. ಸಾವಿರ ಕಿಲೋ ಎಂದು ತೋರಿಸಿದರೆ ಸರಿ. ಇಪ್ಪತ್ತಾರು ವರ್ಷಗಳಲ್ಲಿ ನಾನು ಒಂದು ಗ್ರಾಂ ಕೂಡ ಆಚೀಚೆ ಬರೆದವನಲ್ಲ.

ಡ್ರೈವರನ ವಿಷಯದಲ್ಲೂ ಅಷ್ಟೇ. ಆತನಿಗೆ 'ಅರ್ಧಗಂಟೆ' ಎಂದು ಹೆಸರಿಟ್ಟವನು ನಾನೇ. ದಿನಾ ಬೆಳಿಗ್ಗೆ ಬಾನೆಟ್ ಎತ್ತಿ ಅರ್ಧ ಗಂಟೆ ಅದರೊಳಗೆ ತಲೆ ತೂರಿಸಿ ನಿಲ್ಲುತ್ತಿದ್ದ. ಕಲ್ಲುಗಳನ್ನು ನಂಬರಿನ ಪ್ರಕಾರ ಜೋಡಿಸದೆ ಮುಂದುಗಡೆ ಗುಡ್ಡೆ ಹಾಕುತ್ತಿದ್ದ. ಹತ್ತು ಕಿಲೋಮೀಟರು ಹೋಗುವಷ್ಟರಲ್ಲಿ ಟೀ ಎಂದು ನಿಲ್ಲಿಸುತ್ತಿದ್ದ. ಇಳಿಜಾರಿನಲ್ಲಿ ಎಂಜಿನ್ ಅರಚುವಂತೆ ಎರಡನೇ ಗೇರಿನಲ್ಲಿ ತೆವಳುತ್ತಿದ್ದ. ಅವಧಿಗೆ ಮೊದಲೇ ಎಣ್ಣೆ ಬದಲಾಯಿಸಬೇಕೆಂದು ಪೀಡಿಸುತ್ತಿದ್ದ. ಕೊನೆಗೆ ಡಿಸೆಂಬರ್ ಹನ್ನೆರಡರಂದು, ಕಲ್ಲುಕ್ವಾರಿಗೆ ಹೋಗಬೇಕಾದ ದಿನ, ಗಾಡಿ ಹೊರಡಿಸಲು ನಿರಾಕರಿಸಿದ. ಕ್ವಾರಿಯ ಮಾಲೀಕ ಕಾದು ಕಾದು ಫೋನ್ ಮಾಡಿದ್ದು ದೊಡ್ಡ ಸಾಹೇಬರಿಗೆ. ಬೈಸಿಕೊಂಡಿದ್ದು ನಾನು. ಅದೇ ಸಂಜೆ ಆರು ಅಂಶಗಳ ವರದಿ ಬರೆದೆ. ಆತನನ್ನು ಸಸ್ಪೆಂಡ್ ಮಾಡಿದರು.

ಫೆಬ್ರವರಿ 28ಕ್ಕೆ ವಿಚಾರಣೆ. ಆರೋಪ ಸಾಬೀತಾದರೆ ಮೂವತ್ತೊಂದು ವರ್ಷದ ಕೆಲಸ ಹೋಗುತ್ತದೆ. ನಿವೃತ್ತಿಗೆ ಇನ್ನು ಎರಡೇ ವರ್ಷ ಇತ್ತಂತೆ. ಅದಕ್ಕೆ ನಾನೇನು ಮಾಡಲಿ? ತಕ್ಕಡಿ ಕೆಳಗೆ ಹೋದರೆ ಅದು ಕಲ್ಲಿನ ತಪ್ಪೇ?

ಜನವರಿ 7, ಮಂಗಳವಾರ

ಬಾನೆಟ್ ಮುಟ್ಟಲಿಲ್ಲ. 8 ಗಂಟೆ 2 ನಿಮಿಷಕ್ಕೆ ಹೊರಟೆವು. ಶಿಸ್ತು ಎಂದರೆ ಇದು.

ಜೊತೆಗೆ ಭೀಮ. ಕಲ್ಲು ಎತ್ತಿಳಿಸುವ ಆಳು. ನನಗಿಂತ ಎರಡು ವರ್ಷ ದೊಡ್ಡವನು, ಗಾಳಿ ಬೀಸಿದರೆ ಹಾರಿಹೋಗುವಂತಿದ್ದಾನೆ. ಹಾಗಾಗಿ ಭೀಮ. ಅವನ ಕೈಯಲ್ಲಿ ಟ್ರೈಲರಿನ ನೆಲಕ್ಕೆ ಸುಣ್ಣದಲ್ಲಿ ಚೌಕ ಬರೆಸಿ, ಹಿಂದಿನ ಬಾಗಿಲಿನಿಂದ ಶುರುಮಾಡಿ ಒಂದರಿಂದ ಐವತ್ತರವರೆಗೆ ನಂಬರು ಹಾಕಿಸಿದೆ. ಇನ್ನು ಕಣ್ಣುಮುಚ್ಚಿ ಲೆಕ್ಕ ಹಿಡಿಯಬಹುದು.

ಸಂಜೆ ಟ್ರೈಲರನ್ನು ಹಿಮ್ಮುಖವಾಗಿ ಶೆಡ್ಡಿಗೆ ಸೇರಿಸುವಾಗ ಸ್ವಲ್ಪ ತಡವಾಯಿತು. ಸ್ಟೀರಿಂಗ್ ಎಡಕ್ಕೆ ತಿರುಗಿಸಿದರೆ ಅದು ಬಲಕ್ಕೆ ಹೋಗುತ್ತದೆ. ನಲವತ್ತು ನಿಮಿಷ. ಕಚೇರಿಯವರೆಲ್ಲ ಮನೆಗೆ ಹೋಗುವುದು ಬಿಟ್ಟು ಕಟ್ಟೆಯ ಮೇಲೆ ಕೂತು ನೋಡಿದರು. ಶೆಡ್ಡಿನ ಬಾಗಿಲು ಮೊದಲಿನಿಂದಲೂ ಸೊಟ್ಟಗಿದೆ, ಯಾರೂ ಗಮನಿಸಿರಲಿಲ್ಲ.

ಹೆಂಡತಿಗೆ ಹೇಳಿದೆ. "ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ" ಎಂದಳು. "ನಿಮ್ಮ ಲೈಸೆನ್ಸಿನ ಫೋಟೋದಲ್ಲಿ ತಲೆ ತುಂಬ ಕೂದಲಿದೆ. ಅಷ್ಟು ಹಳೇದು ಅದು!"

ಜನವರಿ 9, ಗುರುವಾರ

ಭೀಮನ ಮನೆ ಡ್ರೈವರನ ಮನೆಯ ಹಿಂದಿನ ಬೀದಿಯಲ್ಲಿದೆ. ಹಿಮ್ಮುಖ ಓಡಿಸುವ ಬಗೆಯನ್ನು ಕೇಳಿಕೊಂಡು ಬಾ ಎಂದೆ. ನಾನು ಕೇಳಿದ್ದೆಂದು ಹೇಳಬೇಡ, ನಿನಗೇ ತಿಳಿಯಬೇಕೆಂದು ಹೇಳು ಎಂದೂ ಎಚ್ಚರಿಸಿದೆ.

ಉತ್ತರ ತಂದ. "ಸ್ಟೀರಿಂಗನ್ನ ತಳದಲ್ಲಿ ಹಿಡ್ಕೊಂಡು, ಟ್ರೈಲರಿನ ಹಿಂಭಾಗ ಎತ್ತ ಹೋಗ್ಬೇಕೋ ಕೈನ ಅತ್ತ ಸರಿಸ್ಬೇಕಂತೆ. ನಿಧಾನಕ್ಕೆ. ಅನುಮಾನ ಬಂದ್ರೆ ಇಳಿದು ಹಿಂದೆ ಹೋಗಿ ನೋಡ್ಬೇಕಂತೆ, ಅದ್ರಲ್ಲಿ ನಾಚ್ಕೆ ಏನಿಲ್ಲ ಅಂದ್ರು."

"ಬೇರೇನಾದ್ರೂ ಅಂದನಾ?"

"ನಿಂಗೆ ಸೈಕಲ್ಲೂ ಬರಲ್ವಲ್ಲೋ ಭೀಮ ಅಂದ್ರು."

ಇಂದು ಆರು ನಿಮಿಷದಲ್ಲಿ ಶೆಡ್ಡು ಸೇರಿತು. ಬಾಗಿಲು ಅಷ್ಟೇನೂ ಸೊಟ್ಟಗಿಲ್ಲ.

ಜನವರಿ 17, ಶುಕ್ರವಾರ

ಗಾಳಿ ಜೋರಾಗಿತ್ತು.

ಜನವರಿ 20, ಸೋಮವಾರ

ಶುಕ್ರವಾರದ್ದನ್ನು ಇವತ್ತು ಬರೆಯುತ್ತೇನೆ. ಅಂದು ಗಾಳಿಯ ವಿಷಯವಷ್ಟೇ ಬರೆದು ಪುಸ್ತಕ ಮುಚ್ಚಿದ್ದೆ.

ಗುಜರಿ ಅಂಗಡಿಯ ಸಣ್ಣ ವೇಬ್ರಿಡ್ಜ್. ಮೂವತ್ತು ಕಲ್ಲು ಸಾಕಿತ್ತು. ಕ್ರಮದ ಪ್ರಕಾರ ಒಂದರಿಂದ ಮೂವತ್ತರವರೆಗಿನ ಕಲ್ಲುಗಳನ್ನು ಅವುಗಳ ಚೌಕದಲ್ಲೇ ಇಡಿಸಿದೆ. ಅಂದರೆ ಆರುನೂರು ಕಿಲೋ ಪೂರ್ತಿ ಹಿಂಬದಿಗೆ, ಮುಂಬದಿ ಖಾಲಿ. ಲೆಕ್ಕದಲ್ಲಿ ಒಂದಿಷ್ಟೂ ತಪ್ಪಿರಲಿಲ್ಲ. ಸೇತುವೆ ದಾಟಿ ಸಣ್ಣ ಇಳಿಜಾರಿಗೆ ಬಂದಾಗ ಪಿಕಪ್ಪಿನ ಹಿಂಭಾಗವನ್ನು ಯಾರೋ ಕೈಯಿಂದ ಎತ್ತಿದ ಹಾಗಾಯಿತು. ಆಮೇಲೆ ಟ್ರೈಲರ್ ಆಚೆಗೊಮ್ಮೆ ಈಚೆಗೊಮ್ಮೆ ಬಡಿದಾಡತೊಡಗಿತು.

ಭೀಮ ಕಿಟಕಿಯಿಂದ ತಲೆ ಹಾಕಿ ನೋಡಿ, "ಸಾರ್, ಹಿಂದಿನದು ನಮ್ಮನ್ನ ಓವರ್‌ಟೇಕ್ ಮಾಡೋ ಹಾಗಿದೆ" ಎಂದ.

ನಾನು ಬ್ರೇಕ್ ಒತ್ತಿದೆ. ಅದು ಇನ್ನೂ ಹುಚ್ಚೆದ್ದಿತು. ಎದುರಿನಿಂದ ಶಾಲೆಯ ಬಸ್ಸು ಬರುತ್ತಿತ್ತು. ಆಗ ಭೀಮ, ಜನ್ಮದಲ್ಲಿ ನನ್ನ ಮುಂದೆ ದನಿ ಏರಿಸದವನು, "ಬ್ರೇಕ್ ಬಿಡೀ! ಎಲ್ಲಾ ಬಿಡೀ! ಸ್ಟೀರಿಂಗ್ ನೆಟ್ಟಗೆ ಹಿಡಿದು ಸುಮ್ನೆ ಕೂತ್ಕೊಳೀ!" ಎಂದು ಕಿರುಚಿದ. ಹಾಗೇ ಮಾಡಿದೆ. ವೇಗ ತಾನಾಗಿ ಇಳಿಯಿತು, ಬಡಿದಾಟವೂ ಇಳಿಯಿತು, ಬಸ್ಸು ಪಕ್ಕದಲ್ಲೇ ಹಾದುಹೋಯಿತು. ಕಿಟಕಿಯಲ್ಲಿ ಒಂದು ಮಗು ನನಗೆ ಕೈ ಬೀಸಿತು.

"ನಿಂಗ್ಯಾರು ಹೇಳಿಕೊಟ್ರು?"

"ಅವ್ರೇ ಸಾರ್. ಮೂವತ್ತು ವರ್ಷ ಪಕ್ಕದಲ್ಲಿ ಕೂತಿಲ್ವಾ?" ಕಿಟಕಿಯಿಂದ ಟ್ರೈಲರಿನ ಕಡೆ ನೋಡಿ ಮತ್ತೆ ಹೇಳಿದ. "ಭಾರದಲ್ಲಿ ಅರ್ಧಕ್ಕಿಂತ ಜಾಸ್ತಿ ಟ್ರೈಲರ್ ಚಕ್ರಕ್ಕಿಂತ ಮುಂದೆ ಇರ್ಬೇಕು ಅಂತಿದ್ರು. ಟ್ರೈಲರ್ ಸಿಕ್ಕಿಸೋ ಕೊಂಡಿ ಮೇಲೆ ಒಂದಿಷ್ಟು ಭಾರ ಕೂರ್ಬೇಕಂತೆ. ಇಲ್ದಿದ್ರೆ ಬಾಲ ನಾಯಿನ ಅಲ್ಲಾಡ್ಸುತ್ತೆ ಅಂತ."

"ಹಾಗಾದ್ರೆ ಚೌಕ ಬರೆಯುವಾಗ ಯಾಕೆ ಬಾಯಿ ಬಿಡ್ಲಿಲ್ಲ?"

"ನೀವು ತೂಕದ ಸಾಹೇಬ್ರು ಸಾರ್. ನಿಮಗೆ ನಾನು ತೂಕ ಹೇಳ್ಕೊಡೋದಾ?"

ಸುಣ್ಣದ ಚೌಕಗಳನ್ನು ಇಂದು ಅಳಿಸಿದೆವು. ಕಲ್ಲುಗಳನ್ನು ಮುಂದುಗಡೆ ಇಡುತ್ತಿದ್ದೇವೆ. ಭೀಮನಿಗೆ ಎತ್ತಿಳಿಸಲು ಸುಲಭವಾಗಲಿ ಎಂದು.

ಜನವರಿ 30, ಗುರುವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಎಂಜಿನ್ ಕಾದಿದೆ ಎಂದು ಮುಳ್ಳು ತೋರಿಸಿತು. ಕಾದಿದ್ದರೆ ನೀರು ಹಾಕಬೇಕು, ಅದು ಸಾಮಾನ್ಯ ಜ್ಞಾನ. ರೇಡಿಯೇಟರಿನ ಮುಚ್ಚಳ ತಿರುಗಿಸಿದೆ. ಕುದಿನೀರು ಬುಗ್ಗೆಯಂತೆ ಹಾರಿತು. ಬಲಗೈ ಮಣಿಕಟ್ಟಿನವರೆಗೆ ಬೊಬ್ಬೆ.

ಕಾಂಪೌಂಡರ್ ಮುಲಾಮು ಹಚ್ಚುತ್ತಾ, "ಬಿಸಿ ಇದ್ದಾಗ ಮುಚ್ಚಳ ತೆಗೀಬಾರ್ದು ಅಂತ ಮುಚ್ಚಳದ ಮೇಲೇ ಬರೆದಿರುತ್ತಲ್ಲ ಸಾರ್" ಎಂದ. ನೋಡಿದೆ. ಬರೆದಿದೆ.

ಫೆಬ್ರವರಿ 3, ಸೋಮವಾರ

ಗ್ಲವ್ ಬಾಕ್ಸಿನಲ್ಲಿ ಡ್ರೈವರ್ ಬಿಟ್ಟುಹೋದ ಹಳೆಯ ಹತ್ತಿ ಬಟ್ಟೆ ಸಿಕ್ಕಿತು. ಒಗೆದು ನಾಲ್ಕು ಮಡಿಕೆ ಮಾಡಿ ಇಟ್ಟಿದ್ದಾರೆ. ಎಣ್ಣೆಯ ಕಲೆ ಇದೆ, ಎಣ್ಣೆ ಇಲ್ಲ. ಅದನ್ನು ಹಿಡಿದು ಬಾನೆಟ್ ಎತ್ತಿದೆ. ಸುಮ್ಮನೆ, ಕೈ ಸುಟ್ಟಮೇಲೆ ಒಮ್ಮೆ ನೋಡುವುದರಲ್ಲಿ ತಪ್ಪಿಲ್ಲ ಎಂದು.

ಎಂಜಿನ್ ಆಯಿಲಿನ ಕಡ್ಡಿಯನ್ನು ಎಳೆದು ನೋಡಿದರೆ ಮೇಲಿನ ಗೆರೆಯವರೆಗೂ ಎಣ್ಣೆ ಮೆತ್ತಿಕೊಂಡಿತ್ತು. ಭರ್ತಿ ಎಂದು ಖುಷಿಪಟ್ಟೆ. "ಅದು ಸುಳ್ಳು ತೂಕ ಸಾರ್" ಎಂದ ಭೀಮ. "ಒರೆಸಿ, ಇನ್ನೊಂದ್ಸಲ ಅದ್ದಿ ನೋಡ್ಬೇಕು. ಗಾಡಿ ಸಮತಟ್ಟಲ್ಲಿ ನಿಂತಿರ್ಬೇಕು." ಒರೆಸಿ ಅದ್ದಿದೆ. ಕೆಳಗಿನ ಗೆರೆಯನ್ನೂ ಮುಟ್ಟಿರಲಿಲ್ಲ. ಬಣ್ಣ ಕಾಡಿಗೆ. ಗಾಡಿಯ ಜೊತೆ ಬಂದ ಪುಸ್ತಕದ ಪ್ರಕಾರ ಬದಲಾಯಿಸಲು ಇನ್ನೂ ನಾಲ್ಕು ಸಾವಿರ ಕಿಲೋಮೀಟರಿದೆ. ಅದೇ ಪುಸ್ತಕದ ಅಡಿಯಲ್ಲಿ ಇರುವೆಯಂಥ ಅಕ್ಷರದಲ್ಲಿ ಇನ್ನೊಂದು ಸಾಲಿದೆ: ಭಾರ ಎಳೆಯುವ ವಾಹನಗಳಿಗೆ ಅವಧಿ ಅರ್ಧ. ಗೇರ್‌ಬಾಕ್ಸಿನ ಎಣ್ಣೆಗೂ ಇದೇ ಮಾತು.

ಹನ್ನೆರಡು ನಿಮಿಷ ಹಿಡಿಯಿತು. ಹನ್ನೆರಡಕ್ಕೂ ಮೂವತ್ತಕ್ಕೂ ಬಹಳ ವ್ಯತ್ಯಾಸವಿದೆ.

ಫೆಬ್ರವರಿ 6, ಗುರುವಾರ

ಎಣ್ಣೆ ಬದಲಾಯಿಸಿದ್ದಾಯಿತು. ಹತ್ತೊಂಬತ್ತು ನಿಮಿಷ. ಕೂಲಂಟ್ ನೋಡುವುದೂ ಸೇರಿಕೊಂಡಿದೆ, ಎಂಜಿನ್ ತಣ್ಣಗಿದ್ದಾಗ ಮಾತ್ರ.

ಹತ್ತನೇ ಕಿಲೋಮೀಟರಿನಲ್ಲಿ ನಿಲ್ಲಿಸಿದೆ. ಟೀ ಕುಡಿಯಲು ಅಲ್ಲ. ಕೊಂಡಿಯ ಪಿನ್ನು, ಅಡಿಯಲ್ಲಿ ಅಡ್ಡಡ್ಡ ಹಾಕಿದ ಸರಪಳಿ, ಚಕ್ರದ ನಟ್ಟುಗಳನ್ನು ನೋಡಿ, ಚಕ್ರದ ನಡುವಿನ ಗುಂಬಗಳು ಬಿಸಿಯಾಗಿವೆಯೇ ಎಂದು ಹತ್ತಿರ ಕೈಯಿಟ್ಟು ನೋಡಲು. ಎಡಚಕ್ರದ ಎರಡು ನಟ್ಟು ಸಡಿಲವಿತ್ತು. ಟೀ ಅಂಗಡಿ ಅಲ್ಲೇ ಇತ್ತು, ಅದು ಬೇರೆ ವಿಷಯ. ಅಂಗಡಿಯವನು ಭೀಮನನ್ನು ಕೇಳಿದ, "ಎಲ್ಲಪ್ಪಾ, ನಿಮ್ಮ ಯಜಮಾನ್ರು ಕಾಣ್ತಿಲ್ಲ? ಇವ್ರು ಅವ್ರ ಶಿಷ್ಯರಾ?" ಭೀಮ ಟೀ ಲೋಟದೊಳಗೆ ಕೆಮ್ಮಿದ. ನಾನು ಟೀಗೆ ದುಡ್ಡು ಕೊಟ್ಟು ಗಾಡಿ ಹತ್ತಿದೆ.

ಫೆಬ್ರವರಿ 11, ಮಂಗಳವಾರ

ಇಪ್ಪತ್ತೇಳು ನಿಮಿಷ. ಸ್ಟೀರಿಂಗ್ ಎಣ್ಣೆ, ಗಾಜು ತೊಳೆಯುವ ನೀರು, ಟೈರಿನ ಗಾಳಿ.

ನಾನು ಬಾನೆಟ್ ಕೆಳಗೆ ತಲೆ ತೂರಿಸಿದ್ದಾಗ ಜವಾನ ಫೋನಿನಲ್ಲಿ ಯಾರಿಗೋ, "ಅರ್ಧಗಂಟೆ ಇನ್ನೂ ಹೊರಟಿಲ್ಲ ಸಾರ್" ಎನ್ನುವುದು ಕೇಳಿಸಿತು. ಬೇಸರವಾಯಿತು. ಪಾಪ, ಆ ಮನುಷ್ಯ ಎರಡು ತಿಂಗಳಿಂದ ಮನೆಯಲ್ಲಿದ್ದಾರೆ. ಆದರೂ ಅವರನ್ನು ಆಡಿಕೊಳ್ಳುವುದನ್ನು ಬಿಟ್ಟಿಲ್ಲ. ಎದುರಿಗಿಲ್ಲದವರ ಬಗ್ಗೆ ಹೀಗೆಲ್ಲ ಮಾತನಾಡಬಾರದೆಂದು ಜವಾನನಿಗೆ ಬುದ್ಧಿ ಹೇಳಿದೆ. ಅವನು ನನ್ನ ಮುಖವನ್ನೇ ನೋಡಿ, "ಆಯ್ತು ಸಾರ್, ನಿಮ್ಮೆದುರಿಗೆ ಆಡಲ್ಲ" ಎಂದ.

ಫೆಬ್ರವರಿ 17, ಸೋಮವಾರ

ಇವತ್ತು ಕ್ವಾರಿ. ಡಿಸೆಂಬರ್ ಹನ್ನೆರಡರಂದು ತಪ್ಪಿಹೋದ ಅದೇ ಕ್ವಾರಿ.

ಗುಡ್ಡ ಹತ್ತುವಾಗ ಏನೂ ತೊಂದರೆಯಾಗಲಿಲ್ಲ. ವೇಬ್ರಿಡ್ಜ್ ಹನ್ನೆರಡು ಕಿಲೋ ಜಾಸ್ತಿ ತೋರಿಸುತ್ತಿತ್ತು, ಸರಿಮಾಡಿಸಿ ಮೊಹರು ಹಾಕಿ ಬಂದೆ. ಇಳಿಯುವಾಗ ಮೂರನೇ ಗೇರಿನಲ್ಲಿದ್ದೆ. ಹಿಂದೆ ಒಂದು ಟನ್ ಕಬ್ಬಿಣ ಬೆನ್ನಿಗೆ ಕೈಕೊಟ್ಟು ತಳ್ಳುತ್ತಿತ್ತು. ಬ್ರೇಕ್ ಒತ್ತುತ್ತಾ ಬಿಡುತ್ತಾ ಬಂದೆ. ನಾಲ್ಕನೇ ತಿರುವಿನಲ್ಲಿ ಸುಟ್ಟ ವಾಸನೆ. ಐದನೇ ತಿರುವಿನಲ್ಲಿ ಪೆಡಲ್ ಒತ್ತಿದರೆ ಹತ್ತಿಯ ದಿಂಬಿನ ಮೇಲೆ ಕಾಲಿಟ್ಟ ಹಾಗೆ ಮೆತ್ತಗೆ ಕೆಳಗೆ ಹೋಯಿತು.

ಹೆದರಿದೆ. ಇಲ್ಲಿ ಸುಳ್ಳು ಬರೆದು ಏನು ಪ್ರಯೋಜನ, ಬಹಳ ಹೆದರಿದೆ. ಮಗಳ ಮುಖ ಕಣ್ಣೆದುರು ಬಂತು. ಕೈ ತಾನಾಗಿಯೇ ಎರಡನೇ ಗೇರಿಗೆ ಹೋಯಿತು. ಎಂಜಿನ್ ಅರಚಿತು. ಅಷ್ಟು ಇಂಪಾದ ಸದ್ದನ್ನು ನಾನು ಕೇಳಿಲ್ಲ. ಪೆಡಲನ್ನು ಮತ್ತೆ ಮತ್ತೆ ಒತ್ತಿ, ಕೈಬ್ರೇಕ್ ಸ್ವಲ್ಪ ಸ್ವಲ್ಪ ಎಳೆದು, ತೆವಳಿಕೊಂಡು ಬುಡ ಸೇರಿದೆವು. ಹಿಂದೆ ಹತ್ತು ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು.

ಭೀಮ ಇಳಿದು ಮೋರಿಯ ಮೇಲೆ ಕೂತ. "ಅವತ್ತು ಅವ್ರು ಹೇಳಿದ್ದು ಇದೇ ಸಾರ್" ಎಂದ.

"ಯಾವತ್ತು?"

"ಡಿಸೆಂಬರ್‌ನಲ್ಲಿ. ಪೆಡಲ್ ಮೆತ್ತಗಿದೆ, ಇದರ ಮೇಲೆ ನಂಬಿಕೆಯಿಟ್ಟು ಕ್ವಾರಿ ಗುಡ್ಡ ಇಳಿಯೋಕಾಗಲ್ಲ ಅಂತ. ನೀವು ಅಲ್ಲೇ ಇದ್ರಲ್ಲ?"

ಇದ್ದೆ. ಆದರೆ ವರದಿಯ ಆರನೇ ಅಂಶದಲ್ಲಿ ನಾನು ಬರೆದಿರುವುದು 'ಯಾವುದೇ ಕಾರಣ ನೀಡದೆ ನಿರಾಕರಿಸಿದ' ಎಂದು. ಬಾಯಿಮಾತಿನಲ್ಲಿ ಹೇಳಿದ್ದು ಕಾರಣವೆನಿಸುವುದಿಲ್ಲ. ನಿಯಮದ ಪ್ರಕಾರ ಬರಹದಲ್ಲಿ ಕೊಡಬೇಕು.

ಫೆಬ್ರವರಿ 18, ಮಂಗಳವಾರ

ಬರಹದಲ್ಲೂ ಕೊಟ್ಟಿದ್ದಾರೆ.

ನನ್ನ ಕಪಾಟಿನ 'ವಾಹನ, ಇತರೆ' ಫೈಲಿನಲ್ಲೇ ಸಿಕ್ಕಿತು. ಡಿಸೆಂಬರ್ 11ರ ಚೀಟಿ. ದಪ್ಪ ದಪ್ಪ ಅಕ್ಷರ. 'ಬ್ರೇಕಿನ ಎಣ್ಣೆ ಹಾಕಿ ಮೂರು ವರ್ಷ ಆಯಿತು. ಎರಡು ವರ್ಷಕ್ಕೆ ಬದಲಿಸಬೇಕು. ಆ ಎಣ್ಣೆ ಗಾಳಿಯಲ್ಲಿನ ತೇವ ಹೀರುತ್ತದೆ. ಇಳಿಜಾರಲ್ಲಿ ಕಾದರೆ ಕುದಿದು ಪೆಡಲ್ ಮೆತ್ತಗಾಗುತ್ತದೆ. ನಾಳೆ ಕ್ವಾರಿ ಇದೆ. ದಯವಿಟ್ಟು ಒಪ್ಪಿಗೆ ಕೊಡಬೇಕು.'

ಅದರ ಕೆಳಗೆ ಕೆಂಪು ಮಸಿಯಲ್ಲಿ: 'ಮಟ್ಟ ಸರಿಯಾಗಿದೆ. ಸೋರಿಕೆ ಇಲ್ಲ. ಅಗತ್ಯವಿಲ್ಲ.' ದುಂಡಗಿನ, ಅಚ್ಚುಕಟ್ಟಾದ ಅಕ್ಷರ. ನನ್ನದೇ.

ಫೆಬ್ರವರಿ 19, ಬುಧವಾರ

ಹೆಂಡತಿ ಡ್ರೈವರನ ಹೆಂಡತಿಯನ್ನು ಔಷಧಿ ಅಂಗಡಿಯಲ್ಲಿ ಕಂಡಳಂತೆ.

"ಏನಂದ್ರು?"

"ಏನೂ ಇಲ್ಲ. ಚೆನ್ನಾಗಿದೀರಾ ಅಕ್ಕಾ, ನಿಮ್ಮೆಜಮಾನ್ರ ಕೈ ಸುಟ್ಟಿದ್ದು ವಾಸಿ ಆಯ್ತಾ ಅಂತ ಕೇಳಿದ್ಲು. ಹಾಳಾದೋಳು, ಬೈದಿದ್ರೆ ನಂಗೆ ಹಾಯಾಗಿರ್ತಿತ್ತು."

ಚೀಟಿಯ ವಿಷಯ ಹೇಳಿದೆ. ಏಪ್ರಿಲ್‌ನಲ್ಲಿ ಮುಖ್ಯ ಪರೀಕ್ಷಕರ ಬಡ್ತಿ ಪಟ್ಟಿ ಬರುತ್ತದೆ, ಮೊದಲ ಹೆಸರು ನನ್ನದು, ಸುಳ್ಳು ವರದಿ ಎಂದಾದರೆ ಅದು ಹೋಗುತ್ತದೆ ಎಂದೂ ಹೇಳಿದೆ. ಚೀಟಿ ಇನ್ನೂ ಉಳಿದಿದೆ ಎಂಬುದು ಕಚೇರಿಯಲ್ಲಿ ನನಗೊಬ್ಬನಿಗೇ ಗೊತ್ತು. ಅವಳು ಬಟ್ಟೆ ಮಡಿಸುತ್ತಲೇ ಇದ್ದಳು. ಎಲ್ಲ ಮಡಿಸಿಯಾದ ಮೇಲೆ, "ಊರವರ ತಕ್ಕಡಿಗೆಲ್ಲ ಮೊಹರು ಹಾಕ್ಕೊಂಡು ಬರ್ತೀರಿ" ಎಂದಳು. ಅಷ್ಟೇ. ಜಾಣನಿಗೆ ಮಾತಿನ ಪೆಟ್ಟು ಎನ್ನುತ್ತಾರೆ. ನನಗೆ ತಗುಲಿದ್ದರಿಂದ ನಾನು ಜಾಣನೆಂದು ಸಮಾಧಾನಪಟ್ಟುಕೊಂಡೆ. ಆದರೂ ನಿದ್ದೆ ಬರಲಿಲ್ಲ.

ಫೆಬ್ರವರಿ 23, ಭಾನುವಾರ

ಬಟ್ಟೆ ಹಿಂದಿರುಗಿಸುವ ನೆಪದಲ್ಲಿ ಅವರ ಮನೆಗೆ ಹೋದೆ. ಪಿಕಪ್ಪಿನಲ್ಲೇ ಹೋದೆ, ಭೀಮನೂ ಇದ್ದ, ಸೀಟಿನ ಕೆಳಗೆ ಹೊಸ ಬ್ರೇಕ್ ಎಣ್ಣೆಯ ಡಬ್ಬಿ ಇತ್ತು. ಎಲ್ಲ ಆಕಸ್ಮಿಕ.

ಅವರು ಜಗಲಿಯಲ್ಲಿ ಸ್ಟೂಲಿನ ಮೇಲೆ ಕೂತು ಪಕ್ಕದ ಮನೆಯ ಮಿಕ್ಸಿ ಬಿಚ್ಚಿಕೊಂಡಿದ್ದರು. ನನ್ನನ್ನು ನೋಡಿ ಎದ್ದರು. ನಾನು ಕೂರಿ ಎಂದೆ. ಇಬ್ಬರೂ ನಿಂತೆವು.

"ಬ್ರೇಕ್ ಎಣ್ಣೆ ಬದಲಾಯಿಸ್ಬೇಕಿತ್ತು. ನೀವು ಸ್ವಲ್ಪ..."

"ನಾನು ಮುಟ್ಟೋ ಹಾಗಿಲ್ಲ ಸಾರ್. ಸಸ್ಪೆಂಡಲ್ಲಿದೀನಿ. ಮುಟ್ಟಿದ್ರೆ ಏಳನೇ ಆರೋಪ ಆಗುತ್ತೆ." ಮುಖದಲ್ಲಿ ನಗುವಿರಲಿಲ್ಲ. ಸ್ಟೂಲನ್ನು ಪಿಕಪ್ಪಿನ ಪಕ್ಕಕ್ಕೆ ಎಳೆದು ಕೂತರು. "ಬಾಯಿ ಸಸ್ಪೆಂಡ್ ಮಾಡಿಲ್ಲ. ನೀವು ಕೆಳಗೆ ಮಲ್ಕೊಳಿ."

ಮಲಗಿದೆ. ಭೀಮ ಪೆಡಲಿನ ಮೇಲೆ ಕಾಲಿಟ್ಟು ಕೂತ. ಎಲ್ಲಕ್ಕಿಂತ ದೂರದ ಹಿಂಚಕ್ರದಿಂದ ಶುರು. ಅಲ್ಲೊಂದು ಪುಟ್ಟ ತಿರುಪು, ಅದಕ್ಕೆ ಕೊಳವೆ, ಕೊಳವೆಯ ತುದಿಗೆ ಬಾಟಲಿ. "ಭೀಮ, ಒತ್ತು. ಹಿಡಿ. ಸಾರ್, ತಿರುಪು ಸಡಿಲ ಮಾಡಿ. ಬಂತಾ? ಈಗ ಬಿಗಿ ಮಾಡಿ. ಭೀಮ, ಈಗ ಬಿಡು. ಸಾರ್! ತಿರುಪು ಬಿಗಿಯಾಗೋ ಮುಂಚೆ ಅವನು ಕಾಲೆತ್ತಿದ್ರೆ ಗಾಳಿ ಒಳಗೆ ಹೋಗುತ್ತೆ. ಆತುರ ಬೇಡ." ಬಂದ ಎಣ್ಣೆ ಹಳೇ ಟೀಯ ಬಣ್ಣದ್ದು. ಒಂದು ಹನಿ ಕೆನ್ನೆಗೆ ಬಿತ್ತು. "ಒರೆಸ್ಕೊಳಿ, ಅದು ಬಣ್ಣಾನೇ ತಿನ್ನುತ್ತೆ" ಎಂದರು. ಒರೆಸಿಕೊಳ್ಳಲು ನಾನು ಹಿಂದಿರುಗಿಸಲು ತಂದಿದ್ದ ಬಟ್ಟೆಯನ್ನೇ ಕೊಟ್ಟರು.

ನಾಲ್ಕೂ ಚಕ್ರ ಮುಗಿಯುವಷ್ಟರಲ್ಲಿ ಎಣ್ಣೆ ಜೇನಿನಂತೆ ತಿಳಿಯಾಗಿ ಬಂತು. ಪೆಡಲ್ ಒತ್ತಿ ನೋಡಿದೆ. ಕಲ್ಲಿನಂತೆ ನಿಂತಿತು. ಇಪ್ಪತ್ತಾರು ವರ್ಷದಲ್ಲಿ ಮೊದಲ ಬಾರಿ ಒಬ್ಬ ಡ್ರೈವರ್ ಹೇಳಿದ್ದನ್ನು ಮರುಮಾತಾಡದೆ ಮಾಡಿದ್ದೇನೆ ಎಂದು ಹೊಳೆಯಿತು. ನಾಚಿಕೆಯಾಯಿತು. ಮಾಡಿದ್ದಕ್ಕಲ್ಲ.

ವಿಚಾರಣೆಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹೊರಡುವಾಗ ಮಾತ್ರ, "ಶುಕ್ರವಾರ ಬರ್ತೀರಲ್ಲ ಸಾರ್?" ಎಂದರು.

"ಬರ್ತೀನಿ."

"ಗಾಡಿ ನೋಡ್ಕೊಂಡು ಬನ್ನಿ."

ಫೆಬ್ರವರಿ 27, ಗುರುವಾರ

ಚೀಟಿ ಅಂಗಿಯ ಜೇಬಿನಲ್ಲಿದೆ. ನಾಲ್ಕು ದಿನದಿಂದ ಜೇಬು ಬದಲಾಗುತ್ತಿದೆ, ಚೀಟಿ ಅದೇ. ಇವತ್ತು ಕಚೇರಿಯ ತಕ್ಕಡಿಯಲ್ಲಿ ತೂಗಿದೆ. ಎರಡು ಗ್ರಾಂ ಕೂಡ ಇಲ್ಲ.

ಫೆಬ್ರವರಿ 28, ಶುಕ್ರವಾರ

ವಿಚಾರಣೆ ಹತ್ತಕ್ಕೆ, ಜಿಲ್ಲಾ ಕಚೇರಿಯಲ್ಲಿ. ಬೇರೆ ಕಚೇರಿಯಿಂದ ಬಂದ ಅಧಿಕಾರಿಣಿ, ಮೂಗಿನ ತುದಿಯಲ್ಲಿ ಕನ್ನಡಕ. ಎಡಗಡೆ ಡ್ರೈವರ್, ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ. ಮುಂದೆ ದೊಡ್ಡ ಸಾಹೇಬರು. ನಾನು ಒಳಗೆ ಕಾಲಿಟ್ಟಾಗ ಹತ್ತು ಮೂವತ್ತೆರಡು.

"ದೂರು ಕೊಟ್ಟೋರೇ ಅರ್ಧ ಗಂಟೆ ಲೇಟಾ? ಯಾಕ್ರೀ?"

"ಮಧ್ಯಾಹ್ನ ಸಿಮೆಂಟ್ ಗೋದಾಮಿಗೆ ಹೋಗ್ಬೇಕು ಮೇಡಂ, ಟ್ರೈಲರ್ ಕಟ್ಕೊಂಡೇ ಬಂದೆ. ಹೊರಡೋ ಮುಂಚೆ ಬಾನೆಟ್ ತೆಗೆದು ಎಣ್ಣೆ, ನೀರು ಎಲ್ಲ ನೋಡ್ಬೇಕಲ್ಲ."

"ಅದಕ್ಕೆಷ್ಟು ಹೊತ್ತು?"

"ಅರ್ಧ ಗಂಟೆ." ಹೇಳಿದ ಮೇಲೆ ನನಗೇ ಕೇಳಿಸಿತು.

ಅಧಿಕಾರಿಣಿ ನನ್ನ ವರದಿಯನ್ನು ಹತ್ತಿರ ಹಿಡಿದು ಮೊದಲನೇ ಅಂಶ ಓದಿದರು. ಆಮೇಲೆ ನನ್ನ ಮುಖ ನೋಡಿದರು. "ಇಲ್ಲಿಗೆ ಬರೋ ದಾರೀಲಿ ಎಲ್ಲಾದ್ರೂ ನಿಲ್ಲಿಸಿದ್ರಾ?"

"ಹತ್ತು ಕಿಲೋಮೀಟರ್ ಆದ್ಮೇಲೆ ಒಂದ್ಸಲ. ನಟ್ಟು ನೋಡೋಕೆ."

"ಟೀ?"

"...ಕುಡಿದೆ."

ಗುಮಾಸ್ತ ಬರೆಯುವುದನ್ನು ನಿಲ್ಲಿಸಿ, "ಮೇಡಂ, ಇದು ದೂರುದಾರರ ಹೇಳಿಕೆನಾ, ಆಪಾದಿತರದ್ದಾ?" ಎಂದು ಕೇಳಿದ. ಯಾರೋ ನಕ್ಕರು. ಕಲ್ಲು ಎಲ್ಲಿಡುತ್ತೀರಿ ಎಂದು ಅಧಿಕಾರಿಣಿ ಕೇಳಿದರು, ಮುಂದುಗಡೆ ಎಂದೆ. ಇಳಿಜಾರಿನಲ್ಲಿ ಯಾವ ಗೇರು ಎಂದರು, ಎರಡನೆಯದು ಎಂದೆ. ಎಣ್ಣೆ ಯಾವಾಗ ಬದಲಾಯಿಸಿದಿರಿ ಎಂದರು, ಅವಧಿಗೆ ಮೊದಲೇ ಎಂದೆ. ಐದು ಅಂಶಗಳೂ ನಿಜ, ಈಗ ಐದನ್ನೂ ನಾನೇ ಮಾಡುತ್ತಿದ್ದೇನೆ ಎಂದೆ. ದೊಡ್ಡ ಸಾಹೇಬರು ಹಣೆ ಹಿಡಿದುಕೊಂಡರು.

"ಹಾಗಾದ್ರೆ ಉಳಿದಿದ್ದು ಆರನೇದು" ಎಂದರು ಅಧಿಕಾರಿಣಿ. "ಇದೇ ಮುಖ್ಯ. ಕಾರಣ ಕೊಡದೆ ನಿರಾಕರಿಸಿದ್ದು ಅವಿಧೇಯತೆ. ಇದೊಂದೇ ಸಾಕು, ಕೆಲಸ ಹೋಗುತ್ತೆ. ಇದೂ ನಿಜಾನಾ?"

ಡ್ರೈವರ್ ನನ್ನನ್ನು ನೋಡುತ್ತಿರಲಿಲ್ಲ. ಕಿಟಕಿಯಾಚೆ ನಿಂತಿದ್ದ ಪಿಕಪ್ಪಿನ ಟೈರುಗಳನ್ನು ನೋಡುತ್ತಿದ್ದರು. ಅವರಿಗೆ ಚೀಟಿಯ ನಕಲಿರಲಿಲ್ಲ. ನಾನು ಸುಮ್ಮನಿದ್ದರೆ ಮುಗಿಯುತ್ತಿತ್ತು.

ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟೆ.

"ಇದು ಸುಳ್ಳು ಮೇಡಂ. ಅವರು ಕಾರಣ ಕೊಟ್ಟಿದ್ರು. ಬರಹದಲ್ಲಿ, ಹಿಂದಿನ ದಿನಾನೇ. ಕೆಳಗಿರೋ ಕೆಂಪಕ್ಷರ ನಂದು. ನಾನು ಬೈಸಿಕೊಂಡ ಸಿಟ್ಟಲ್ಲಿ ಆ ವರದಿ ಬರೆದೆ. ಅವತ್ತು ಅವರು ಗಾಡಿ ತೆಗೆದಿದ್ರೆ ನಾವು ಮೂವರೂ ಕ್ವಾರಿ ಗುಡ್ಡದ ಕೆಳಗಿರ್ತಿದ್ವಿ."

ಅಧಿಕಾರಿಣಿ ಚೀಟಿಯನ್ನು ಎರಡು ಸಲ ಓದಿದರು. "ಇದರಿಂದ ನಿಮಗೇನಾಗುತ್ತೆ ಗೊತ್ತಲ್ಲ?" ಎಂದರು. ಗೊತ್ತು ಎಂದೆ.

ಹೊರಗೆ ಬಂದಾಗ ಡ್ರೈವರ್ ಟ್ರೈಲರಿನ ಕೊಂಡಿಯ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದರು. ಥ್ಯಾಂಕ್ಸ್ ಹೇಳುತ್ತಾರೇನೋ ಎಂದು ಮುಜುಗರದಿಂದ ನಿಂತೆ. "ಸರಪಳಿ ಒಂದು ಕೊಂಡಿಯಷ್ಟು ಉದ್ದ ಆಯ್ತು ಸಾರ್, ನೆಲಕ್ಕೆ ತಾಗ್ತಿದೆ" ಎಂದರು. ಅಷ್ಟೇ.

ಮಾರ್ಚ್ 10, ಸೋಮವಾರ

ಅವರು ಕೆಲಸಕ್ಕೆ ಮರಳಿದರು. ನನ್ನ ಹೆಸರು ಪಟ್ಟಿಯಿಂದ ಇಳಿಯಿತು. ಮುಖ್ಯ ಪರೀಕ್ಷಕನಾಗುವವನು ನಾನೇ ಕೆಲಸ ಕಲಿಸಿದವನು. "ತೂಕ ಇಳೀತಲ್ಲ, ಬಿಡಿ, ಡಾಕ್ಟರೂ ಅದನ್ನೇ ಹೇಳಿದ್ರು" ಎಂದಳು ಹೆಂಡತಿ. ಆಮೇಲೆ ಕಾರಣವಿಲ್ಲದೆ ಎರಡನೇ ಲೋಟ ಕಾಫಿ ಕೊಟ್ಟಳು.

ಇದೆಲ್ಲ ಇರಲಿ. ಇಂದು ದಾಖಲಿಸಬೇಕಾದ ವಿಷಯ ಬೇರೆ ಇದೆ. ಬೆಳಿಗ್ಗೆ ಅವರು ಬಾನೆಟ್ ಎತ್ತಿದರು. ನಾನು ಪಕ್ಕದಲ್ಲೇ ನಿಂತು ಗಡಿಯಾರ ನೋಡಿದೆ. ಇಪ್ಪತ್ತೆರಡೇ ನಿಮಿಷಕ್ಕೆ ಮುಚ್ಚಿಬಿಟ್ಟರು!

"ಕೂಲಂಟ್ ನೋಡಿದ್ರಾ?" ಎಂದೆ.

"ನೋಡ್ದೆ ಸಾರ್."

"ಕಡ್ಡಿ ಎರಡು ಸಲ ಅದ್ದಿದ್ರಾ?"

"ಸಾರ್, ನೀವು ಒಳಗೆ ಹೋಗಿ ಕೂತ್ಕೊಳಿ."

"ಮೂರು ತಿಂಗಳು ಮನೇಲಿ ಕೂತು ಕೈ ಸಡಿಲ ಆಗಿದೆ ನಿಮ್ದು" ಎಂದು ನಾನೇ ಬಾನೆಟ್ ಮತ್ತೆ ಎತ್ತಿದೆ. ಅವರು ನಿಟ್ಟುಸಿರು ಬಿಟ್ಟು ಜೇಬಿನಿಂದ ಬಟ್ಟೆ ತೆಗೆದುಕೊಟ್ಟರು. ಇಬ್ಬರೂ ಒಟ್ಟಿಗೆ ತಲೆ ತೂರಿಸಿ ಬ್ರೇಕ್ ಎಣ್ಣೆಯ ಮಟ್ಟ ನೋಡುತ್ತಿದ್ದಾಗ, ಮೇಲಿನ ಕಿಟಕಿಯಿಂದ ದೊಡ್ಡ ಸಾಹೇಬರ ಕೂಗು ಬಂತು.

"ರೀ ಅರ್ಧಗಂಟೆ! ಇವತ್ತಾದ್ರೂ ಹೊರಡ್ತೀರೋ ಇಲ್ವೋ?"

"ಬಂದೆ ಸಾರ್" ಎಂದೆವು, ಇಬ್ಬರೂ.